ಮೂರು ಕಾಲಿನ ಕ್ಯಾಮೆರಾ

ಎಂಜಿನ್ನಿನ ಬಿಸಿಗೆ ಮಾಸ್ತಪ್ಪನ ಎಡಗಾಲು ಸುಟ್ಟ ಬದನೆಕಾಯಿಯ ಹಾಗೆ ಕಪ್ಪಾಗಿ ಸಿಪ್ಪೆ ಸುಲಿದಿತ್ತು. ಸೀಟಿನ ಸ್ಪ್ರಿಂಗು ಮುರಿದು ವರ್ಷಗಳಾಗಿದ್ದವು. ಗೋಣಿಚೀಲ ಮಡಿಸಿ ಹಾಕಿಕೊಂಡು ಕೂರುತ್ತಿದ್ದ. ಬ್ರೇಕು ತುಳಿದರೆ ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಯೋಚನೆ ಮಾಡುತ್ತಿತ್ತು. ಅಂಥ ಬಸ್ಸನ್ನು ಸಾಗರದಿಂದ ಹೊಸನಗರ, ಕೋಣಂದೂರು ಮೇಲೆ ತೀರ್ಥಹಳ್ಳಿಗೆ ದಿನಾ ಹೊಡೆಯುವವನು ಅವನು. ಅದೇ ಬಸ್ಸಿನ ಕಂಡಕ್ಟರು ನಾನು.

ಮಾಲೀಕರು ತೀರ್ಥಹಳ್ಳಿಯ ಚಂದ್ರಯ್ಯ ಗೌಡರು. ಬಸ್ಸು, ಲಾರಿ, ಮರ ಕೊಯ್ಯುವ ಮಿಲ್ಲು, ಎಲ್ಲಾ ಇದ್ದವರು. ಬಸ್ಸು ತಡವಾಗಿ ಬಂದರೆ ನಮ್ಮ ಆ ದಿನದ ಭತ್ಯೆ ಇಲ್ಲ. ನಮ್ಮ ಹಿಂದೆ ಬರುವ ಬೇರೆ ಕಂಪನಿ ಬಸ್ಸು ಮುಂದೆ ಹೋದರೆ ಬೈಗುಳ ಬೇರೆ. ಹಾಗಾಗಿ ಓಡಿಸಲೇಬೇಕು. ಓಡಿಸಿದರೆ ಪೊಲೀಸರು. ಒಬ್ಬ ಮರದ ಹಿಂದೆ ನಿಂತು ಕರವಸ್ತ್ರ ಬೀಸುತ್ತಿದ್ದ, ಇನ್ನೊಬ್ಬ ಮುಂದಿನ ತಿರುವಿನಲ್ಲಿ ಗಡಿಯಾರ ಒತ್ತಿ ವೇಗ ಲೆಕ್ಕ ಹಾಕುತ್ತಿದ್ದ. ಸಿಕ್ಕಿಬಿದ್ದವನ ಲೈಸೆನ್ಸಿನ ಮೇಲೆ ಬರೆಯುತ್ತಿದ್ದರು. ಗೌಡರನ್ನು ಯಾವ ಗಡಿಯಾರವೂ ಹಿಡಿಯುತ್ತಿರಲಿಲ್ಲ. ಥೂ, ಯಾವ ನ್ಯಾಯ ಇದು!

ಮಾಸ್ತಪ್ಪನ ಲೈಸೆನ್ಸಿನ ಮೇಲೆ ಎರಡು ಸಲ ಬರೆದಾಗಿತ್ತು. ಇನ್ನೊಂದು ಬಿದ್ದರೆ ಲೈಸೆನ್ಸೇ ರದ್ದು.

"ಲೈಸೆನ್ಸು ಹೋದ್ರೆ ಮನೆ ಹೋದಂಗೆ ಮಂಜಣ್ಣ," ಅನ್ನುತ್ತಿದ್ದ. "ಅವ್ವನ್ನ ಇನ್ನೊಂದ್ಸಲ ಲಾರಿ ಹತ್ತಿಸ್ಬಾರ್ದು. ನಂಗೆ ಅದೊಂದೇ ಬೇಕಾಗಿರದು."

ಆ ಮಾತಿನ ಅರ್ಥ ನಮ್ಮ ಕಡೆಯವರಿಗೆಲ್ಲ ಗೊತ್ತು. ಅವನ ಊರು ಮತ್ತಿಬೈಲು, ಹೊಸನಗರ ದಾಟಿದ ಮೇಲೆ ಸಿಗುವ ಮುಳುಗಡೆಯವರ ಕೇರಿ. ಶರಾವತಿಗೆ ಕಟ್ಟು ಹಾಕಿದಾಗ ಇವರ ಹಳೇ ಊರು ನೀರೊಳಗೆ ಹೋಯಿತು. ಪಾತ್ರೆ, ದನ, ಮಕ್ಕಳು, ಮುದುಕರು ಎಲ್ಲರನ್ನೂ ಲಾರಿಗೆ ತುಂಬಿ ತಂದು ಈ ಕಾಡಿನ ಅಂಚಿನಲ್ಲಿ ಇಳಿಸಿ ಹೋಗಿದ್ದರು. ಮಾಸ್ತಪ್ಪನ ಅವ್ವ ಕೆರಿಯಮ್ಮ ಲಂಟಾನ ಕಡಿದು, ಬೇರು ಕಿತ್ತು, ಗದ್ದೆ ಮಾಡಿದಳು. ಹಕ್ಕುಪತ್ರ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದು ಅವಳ ತಲೆ ಬೆಳ್ಳಗಾಯಿತು. ಮಗ ಡ್ರೈವರಾದ ಮೇಲೆ ಮನೆಗೆ ಗೋಡೆ ಎದ್ದಿತು, ಹೆಂಚು ಬಂತು.

ಎಂಬತ್ತೊಂದನೇ ಇಸವಿಯ ಬೇಸಿಗೆ. ಮತ್ತಿಬೈಲಿನ ತಿರುವಿನಲ್ಲಿ ಆ ಮಿಷನ್ನು ಬಂದು ನಿಂತಿತು.

ಮೂರು ಕಾಲು. ಮೇಲೊಂದು ದುರ್ಬೀನಿನಂಥ ಕಣ್ಣು. ಬಿಳಿ ಟೊಪ್ಪಿಗೆಯ ಸಾಹೇಬನೊಬ್ಬ ಬಗ್ಗಿ ಅದರೊಳಗೆ ನೋಡುತ್ತಿದ್ದ. ಪಕ್ಕದಲ್ಲೇ ಪೊಲೀಸ್ ಜೀಪು. ಎದುರಿನಿಂದ ಬಂದ ಲಾರಿಯವನು ಕಿಟಕಿಯಿಂದ ಕೈ ಹೊರಗೆ ಹಾಕಿ, ಅಂಗೈ ಕೆಳಗೆ ಮಾಡಿ ಒತ್ತಿ ತೋರಿಸಿದ. ಮುಂದೆ ಚೆಕಿಂಗ್ ಇದೆ, ನಿಧಾನ ಅಂತ ಅದರ ಅರ್ಥ. ಲಾರಿಯವನಿರಲಿ, ಬಸ್ಸಿನವನಿರಲಿ, ನಮ್ಮ ದಾರಿಯಲ್ಲಿ ಆ ಸನ್ನೆ ಮಾಡದೆ ಹೋದವನಿಗೆ ಯಾರೂ ಚಾ ಕುಡಿಸುತ್ತಿರಲಿಲ್ಲ. ಮಾಸ್ತಪ್ಪ ಗೇರು ಇಳಿಸಿದ. ಬಸ್ಸು ಮೆರವಣಿಗೆ ಹೋದ ಹಾಗೆ ಹೋಯಿತು.

ಸಂಜೆ ತೀರ್ಥಹಳ್ಳಿಯಲ್ಲಿ ಗೌಡರು ತಾವಾಗಿಯೇ ಬಸ್ಸಿನ ಹತ್ತಿರ ಬಂದರು.

"ಏ ಮಾಸ್ತ, ಮತ್ತಿಬೈಲಲ್ಲಿ ಮಿಷನ್ನು ನೋಡಿದ್ಯೇನ?"

"ನೋಡ್ದೆ ಒಡೇರೆ. ಎಂತದದು?"

"ಸ್ಪೀಡ್ ಕ್ಯಾಮೆರಾ ಮಾರಾಯ. ಬೆಂಗ್ಳೂರಿಗೆ ಹೋದಾಗ ಕೇಳ್ಕಂಡು ಬಂದೀನಿ. ದೂರದಿಂದ್ಲೇ ಗಾಡಿ ನಂಬ್ರ ಹಿಡೀತದೆ. ಕೇಸು ಸೀದಾ ಮನೆಗೇ ಬರ್ತದೆ."

ಮಾಸ್ತಪ್ಪನ ಮುಖ ಇಳಿಯಿತು. "ನಾ ಒಂದ್ಸಲ ಇಳ್ದು ಕೇಳ್ಲಾ? ನಮ್ಮೂರೇ ಅಲ್ದಾ?"

"ಹುಚ್ಚು ಹಿಡಿದದೇನ ನಿಂಗೆ? ಹತ್ರ ಹೋದ್ರೆ ಮುಖಾನೂ ಹಿಡೀತದೆ. ಅಲ್ಲಿ ಬಸ್ಸೂ ನಿಲ್ಲಿಸ್ಬೇಡ. ನಿನ್ನ ಕೇರಿಯವ್ರಿಗೂ ಹೇಳು, ಅದ್ರ ಹತ್ರ ಸುಳೀಬೇಡಿ ಅಂತ. ಸಾಕ್ಷಿ ಗೀಕ್ಷಿ ಅಂತ ಕೋರ್ಟಿಗೆ ಅಲೆಸ್ತಾರೆ. ನೀ ನಿಧಾನಕ್ಕೆ ಹೋಗು. ಸ್ವಲ್ಪ ತಡ ಆದ್ರೂ ಅಡ್ಡಿಲ್ಲ."

ತಡವಾದರೂ ಅಡ್ಡಿಲ್ಲ! ಆ ಬಾಯಿಂದ ಆ ಮಾತು ಬಂದಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಗೌಡರಿಗೆ ಹುಷಾರಿಲ್ಲವೇನೋ ಅಂದುಕೊಂಡೆ. ಮಾಸ್ತಪ್ಪನಿಗಂತೂ ಅವರು ದೇವರಾಗಿಬಿಟ್ಟರು. "ನನ್ನ ಲೈಸೆನ್ಸಿನ ಮೇಲೆ ಎಷ್ಟು ಕಾಳಜಿ ನೋಡು," ಅಂದ.

ಅವನು ಕೇರಿಯಲ್ಲಿ ಮನೆಮನೆಗೂ ಹೋಗಿ ಹೇಳಿದ. ಎಲ್ಲ ದಾರಿಗಳನ್ನೂ ಕಂಡವನು ಡ್ರೈವರು, ಅವನ ಮಾತು ಯಾರು ತೆಗೆದುಹಾಕುತ್ತಾರೆ? ಹುಡುಗರು ಆ ಕಡೆ ದನ ಹೊಡೆಯುವುದು ಬಿಟ್ಟರು. ನಮ್ಮ ಬಸ್ಸಿನಲ್ಲಿ ಹೆಂಗಸರು ಆ ತಿರುವು ಬಂದಾಗ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು.

ಮಿಷನ್ನು ಒಂದು ಕಡೆ ನಿಲ್ಲುತ್ತಿರಲಿಲ್ಲ. ಇವತ್ತು ರಸ್ತೆ ಬದಿ, ನಾಳೆ ಗದ್ದೆಯ ಅಂಚು, ಆಮೇಲೆ ಗುಡ್ಡದ ನೆತ್ತಿ. ಮರೆಯಿಂದ ಹಿಡಿಯುವುದಕ್ಕೆ ಹಾಗೆ ಮಾಡುತ್ತಾರೆ ಅಂತ ಡ್ರೈವರುಗಳು ಮಾತಾಡಿಕೊಂಡರು. ಮರಗಳ ಮೇಲೆ, ಕಲ್ಲುಗಳ ಮೇಲೆ ಸುಣ್ಣದ ಗೆರೆ ಬಿದ್ದವು. ಒಂದು ದಿನ ಮಾಸ್ತಪ್ಪನ ಮನೆಯ ಕಣದ ಕಲ್ಲಿನ ಮೇಲೂ ಬಿತ್ತು.

ಅವತ್ತು ಅವನ ಹೆಂಡತಿ ಗುತ್ಯಮ್ಮ ಬುತ್ತಿ ಕೊಡಲು ಬಸ್ಸಿನ ಹತ್ತಿರ ಬಂದಿದ್ದಳು. ಊರಾಚೆ ಸ್ವಲ್ಪ ಮರೆಯಲ್ಲಿ ನಿಲ್ಲಿಸಿದ್ದೆವು.

"ಬಸ್ಸೇ ಬರ್ದಿರೋ ಕಣದಾಗೆ ಎಂತಾ ಸ್ಪೀಡು ಅಳೀತಾರೆ?" ಕೇಳಿದಳು.

"ಸುಮ್ನಿರೇ. ಅಲ್ಲಿಂದ ದೂರ ಲೆಕ್ಕ ಹಾಕ್ತಾರೆ," ಅಂದ ಮಾಸ್ತಪ್ಪ. ಆದರೆ ಬುತ್ತಿ ಬಿಚ್ಚಲಿಲ್ಲ. ಸಂಜೆ ನೋಡಿದರೆ ಅದು ಸೀಟಿನ ಕೆಳಗೆ ಹಾಗೇ ಇತ್ತು.

ಮಳೆ ಶುರುವಾಗುವ ಮೊದಲು ಕೆರಿಯಮ್ಮನಿಗೆ ಕಣ್ಣು ತೋರಿಸಲು ತೀರ್ಥಹಳ್ಳಿಗೆ ಕರೆದುಕೊಂಡು ಹೋಗಬೇಕಿತ್ತು. ಬೇಸಿಗೆ ಶುರುವಾದಾಗಿನಿಂದ ಹೊಸನಗರದ ಮಗಳ ಮನೆಯಲ್ಲೇ ಇದ್ದ ಮುದುಕಿಯನ್ನು ಅಲ್ಲಿಂದ ಮುಂದಿನ ಸೀಟಿನಲ್ಲಿ ಕೂರಿಸಿದೆ. ಒಂದು ಕಣ್ಣಿಗೆ ಪೊರೆ, ಇನ್ನೊಂದು ಚೆನ್ನಾಗಿತ್ತು. ಮಗ ಬಸ್ಸು ಹೊಡೆಯುವುದನ್ನು ನೋಡುತ್ತಾ ಖುಷಿಯಾಗಿದ್ದಳು. "ಎಷ್ಟು ಚಂದ ತಿರುಗಿಸ್ತಾನೆ ನೋಡು ನನ್ನ ಮಗ," ಅಂತ ಪಕ್ಕದವಳಿಗೆ ಹೇಳಿದಳು.

ಮತ್ತಿಬೈಲಿನ ತಿರುವು ಬಂತು. ಮಿಷನ್ನು ರಸ್ತೆಯ ಅಂಚಿನಲ್ಲೇ ಇತ್ತು. ಮಾಸ್ತಪ್ಪ ಗೇರು ಇಳಿಸಿದ.

"ಅವ್ವಾ, ಮುಖ ಆ ಕಡೆ ಮಾಡು."

ಕೆರಿಯಮ್ಮ ಮುಖ ತಿರುಗಿಸಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನೋಡಿದಳು.

"ಇದು ಯಾವಾಗ ಬಂತಾ?"

"ಅದೇ ಅವ್ವಾ, ನಾ ಹೇಳಿದ್ನಲ್ಲ. ಗಾಡಿ ಓಡದನ್ನ ಅಳೀತದೆ."

"ಯಾವ ಬೇಕೂಫ ಹೇಳಿದ ನಿಂಗೆ?" ಮುದುಕಿ ಕೂಗಿದಳು. "ಇದು ಓಡದನ್ನ ಅಳೆಯದಲ್ಲ ಮಗಾ, ನಿಂತಿದ್ದನ್ನ ಅಳೆಯದು! ಆ ಊರಲ್ಲೂ ಇದೇ ಬಂದಿತ್ತು. ಮೂರು ಕಾಲು. ನೀ ಆಗ ತೊಟ್ಟಿಲಲ್ಲಿದ್ದೆ. ಇದು ಬಂದು ಹೋದ್ಮೇಲೇ ಲಾರಿ ಬಂದದ್ದು. ಅಯ್ಯೋ, ನಿಲ್ಸಾ! ನಿಲ್ಸಾ ಮಗಾ!"

ಅವತ್ತು ಬ್ರೇಕು ಯೋಚನೆ ಮಾಡಲಿಲ್ಲ. ಬಸ್ಸು ಗಕ್ಕನೆ ನಿಂತಿತು.

ಮಾಸ್ತಪ್ಪ ಇಳಿದು ಸಾಹೇಬನ ಹತ್ತಿರ ಹೋದ. ನಾನೂ ಹಿಂದೆ ಓಡಿದೆ. ಸಾಹೇಬನ ಹೆಸರು ಗಣೇಶಮೂರ್ತಿ, ಇನ್ನೂ ಚಿಕ್ಕ ವಯಸ್ಸು, ಮಾತು ಮೆತ್ತಗೆ.

"ಸ್ವಾಮಿ, ಇದು ಸ್ಪೀಡು ಹಿಡಿಯೋ ಕ್ಯಾಮೆರಾ ಅಲ್ದಾ?"

ಸಾಹೇಬ ನಕ್ಕೇಬಿಟ್ಟ. "ಕ್ಯಾಮೆರಾ? ಇದು ಸರ್ವೆ ಮಿಷನ್ನು ಕಣ್ರೀ. ಹೊಸ ಅಣೆಕಟ್ಟಿನದು. ನೀರು ಎಲ್ಲೀವರೆಗೆ ನಿಲ್ಲುತ್ತೆ ಅಂತ ಗುರುತು ಹಾಕ್ತಿದೀವಿ."

"ಎಲ್ಲೀವರೆಗೆ?"

ಸಾಹೇಬ ಕೈ ಎತ್ತಿ ತೋರಿಸಿದ. ಆ ಕೈ ಗದ್ದೆ ದಾಟಿ, ಕಣ ದಾಟಿ, ಮಾಸ್ತಪ್ಪನ ಮನೆಯ ಹೆಂಚೂ ದಾಟಿ ಮೇಲೆ ಹೋಯಿತು.

"ನಮ್ಮನ್ನ ಯಾರೂ ಕೇಳ್ಲಿಲ್ವಲ್ಲ ಸ್ವಾಮಿ?"

"ತಕರಾರು ಹೇಳೋಕೆ ಗಡುವು ಕೊಟ್ಟಿದ್ವಲ್ಲ. ಹೋದ ವಾರ ಮುಗೀತು. ನಾವು ಇಷ್ಟು ದಿನ ಇಲ್ಲೇ ನಿಂತಿದ್ರೂ ನಿಮ್ಮೂರಿನವರು ಒಬ್ಬರೂ ಹತ್ತಿರ ಬಂದು ಏನು ಎತ್ತ ಅಂತ ಕೇಳಲಿಲ್ಲ. ಒಪ್ಪಿಗೆ ಇದೆ ಅಂತ ವರದಿ ಕಳಿಸಿದೀವಿ. ಚಂದ್ರಯ್ಯ ಗೌಡರೂ ಹಾಗೇ ಹೇಳಿದರು."

"ಗೌಡ್ರು? ಅವ್ರಿಗೆಂತ ಸಂಬಂಧ ಇಲ್ಲಿ?" ನಾನು ಕೇಳಿದೆ.

"ಮುಳುಗೋ ಕಾಡಿನ ಮರ ಕಡಿಯೋ ಕಾಂಟ್ರಾಕ್ಟು ಅವರದೇ ಅಲ್ಲವೇನ್ರೀ?"

ಹೆದರಿಕೆ ನಮ್ಮದು, ಅದನ್ನು ಬಿತ್ತಿದ ಕೈ ಗೌಡರದು. ನಮ್ಮ ಬಸ್ಸಿನಲ್ಲೇ, ನಮ್ಮ ಬಾಯಿಂದಲೇ, ಊರೂರಿಗೆ ಹಂಚಿಸಿದ್ದರು. ಮಾಸ್ತಪ್ಪ ನಿಂತಲ್ಲೇ ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಮನೆಮನೆಗೆ ಹೋಗಿ ನಾನೇ ಹೇಳಿದ್ನಲ್ಲ ಮಂಜಣ್ಣ," ಅಂದ. ದೊಡ್ಡ ಗಂಡಸು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಆಮೇಲೆ ಕಣ್ಣೊರೆಸಿಕೊಂಡು ಹೋಗಿ ಬಸ್ಸು ಹತ್ತಿದ. ಹಿಂದೆ ತೆಗೆದ, ಮುಂದೆ ತೆಗೆದ, ರಸ್ತೆಗೆ ಅಡ್ಡವಾಗಿ ನಿಲ್ಲಿಸಿದ. ಮಿಷನ್ನಿನ ಕಣ್ಣಿಗೂ ಗುಡ್ಡಕ್ಕೂ ನಡುವೆ ಬಸ್ಸಿನ ಉದ್ದ ಮೈ ನಿಂತಿತು. ಎಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊಂಡ.

ಸರ್ವೆಯವರ ಕಾವಲಿಗೆ ಬಂದು ಜೀಪಿನ ನೆರಳಲ್ಲಿ ಕೂತಿದ್ದ ದಫೇದಾರ ಎದ್ದು ಬಂದ. "ಏಯ್, ತೆಗಿಯೋ ಗಾಡಿ! ಲೈಸೆನ್ಸು ಹೋಗ್ತದೆ ಮಗನೆ!"

"ಹೋಗ್ಲಿ ಸ್ವಾಮಿ," ಅಂದ ಮಾಸ್ತಪ್ಪ. "ಮನೆಗೋಸ್ಕರ ಲೈಸೆನ್ಸು ಇಟ್ಕಂಡಿದ್ದೆ. ಮನೆನೇ ನೀವು ತಗಂಡ್ರಿ."

ಬಸ್ಸಿನಲ್ಲಿ ಕೂತವರು ಮೊದಲು ಗೊಣಗಿದರು. ಕೋರ್ಟಿಗೆ ಹೋಗುವವರಿದ್ದರು, ಮದುವೆಗೆ ಹೋಗುವವರಿದ್ದರು. ಕೆರಿಯಮ್ಮ ಇಳಿದು ಸುಣ್ಣ ಬಳಿದ ಕಲ್ಲಿನ ಮೇಲೆ ಹೋಗಿ ಕೂತಳು. ಗುತ್ಯಮ್ಮ ಕೇರಿಯಿಂದ ಓಡಿ ಬಂದಳು, ಅವಳ ಹಿಂದೆ ಕೇರಿಯವರೆಲ್ಲ. ಇಷ್ಟು ದಿನ ದೂರದಿಂದ ಹೆದರಿದ್ದ ಮಿಷನ್ನಿನ ಹತ್ತಿರಕ್ಕೆ ಬಂದು ಸುತ್ತ ನಿಂತರು. ಆಗ ಬಸ್ಸಿನವರೂ ಒಬ್ಬೊಬ್ಬರಾಗಿ ಇಳಿದರು. ಎದುರಿನಿಂದ ಬಂದ ಲಾರಿಗಳು ನಿಂತವು. ನಮ್ಮ ಹಿಂದೆ ಬರುವ ಕಂಪನಿ ಬಸ್ಸಿನ ಡ್ರೈವರ್ ಜಟ್ಟಿಂಗಪ್ಪ, ದಿನಾ ನಮ್ಮ ಜೊತೆ ಜಗಳಕ್ಕೆ ನಿಲ್ಲುವವನು, ಇಳಿದು ಬಂದು ವಿಷಯ ಕೇಳಿದ. ವಾಪಸ್ ಹೋಗಿ ತನ್ನ ಬಸ್ಸನ್ನೂ ಅಡ್ಡ ನಿಲ್ಲಿಸಿದ.

ಮಧ್ಯಾಹ್ನದ ಹೊತ್ತಿಗೆ ಹೊಸನಗರದಿಂದ ಇನ್ನೊಂದು ವ್ಯಾನು ಬಂತು, ಅದರ ಹಿಂದೆ ಗೌಡರ ಕಾರು. ಗೌಡರು ಇಳಿಯಲಿಲ್ಲ. ಗಾಜು ಇಳಿಸಿ ಇನ್ಸ್‌ಪೆಕ್ಟರಿಗೆ ಏನೋ ಹೇಳಿದರು. ಮಾಸ್ತಪ್ಪನನ್ನು ವ್ಯಾನಿಗೆ ದಬ್ಬಿದರು. ಇನ್ಸ್‌ಪೆಕ್ಟರು ಹೇಳುತ್ತಾ ಹೋದ, ದಫೇದಾರ ಬರೆಯುತ್ತಾ ಹೋದ: ಸರ್ಕಾರಿ ನೌಕರರ ಮೇಲೆ ಅತಿವೇಗದಿಂದ ಬಸ್ಸು ನುಗ್ಗಿಸಿದ.

ಅತಿವೇಗ! ಬೆಳಗಿನಿಂದ ಅಡ್ಡ ನಿಂತ ಬಸ್ಸಿಗೆ!

ದಫೇದಾರ ನನ್ನ ಮುಂದೆ ಬಂದ. "ನೀನು ಕಂಡಕ್ಟರ್. ಮೊದಲ ಸಾಕ್ಷಿ. ಬಸ್ಸು ಎಷ್ಟು ಸ್ಪೀಡಲ್ಲಿತ್ತು ಹೇಳು."

ಗೌಡರು ಕಾರಿನಿಂದ ನನ್ನನ್ನೇ ನೋಡುತ್ತಿದ್ದರು.

"ನಿಂತಿತ್ತು," ಅಂದೆ.

"ಕೆಲಸ ಬೇಕಾ ಬೇಡ್ವಾ ನಿಂಗೆ? ಸರಿಯಾಗಿ ಹೇಳು."

"ನಿಂತಿತ್ತು ಸ್ವಾಮಿ."

ಅವನು ಪಕ್ಕದವನನ್ನು ಕೇಳಿದ. ಮದುವೆಗೆ ಹೊರಟವನು, ಹೊಸ ಪಂಚೆ ಉಟ್ಟಿದ್ದ. "ನಿಂತಿತ್ತು," ಅಂದ. ಜಟ್ಟಿಂಗಪ್ಪನನ್ನು ಕೇಳಿದ. "ನಿಂತಿತ್ತು." ಗುತ್ಯಮ್ಮನನ್ನು ಕೇಳಿದ. ಅವಳು ವ್ಯಾನಿನ ಕಡೆ ನೋಡಿ ಜೋರಾಗಿ, ಗಂಡನಿಗೂ ಕೇಳುವ ಹಾಗೆ, "ನಿಂತಿತ್ತು!" ಅಂದಳು. ಆಮೇಲೆ ಅವನು ಕೇಳುವ ಮೊದಲೇ ಸುತ್ತ ನಿಂತವರೆಲ್ಲ ಹೇಳತೊಡಗಿದರು. ಲಾರಿಯವರು, ಕೇರಿಯವರು, ಮಕ್ಕಳು. ನಿಂತಿತ್ತು. ನಿಂತಿತ್ತು. ಗುಡ್ಡಕ್ಕೆ ಕೇಳುವ ಹಾಗೆ.

ದಫೇದಾರ ತಲೆ ಎತ್ತಲಿಲ್ಲ. ಅವನ ಕೈ ಅತಿವೇಗ ಅಂತಲೇ ಬರೆಯುತ್ತಿತ್ತು.