ಬಿಸಿಲಿಗೆ ನಿಲ್ಲುವ ವ್ಯಾನು

ಉರಿಯಿತು, ಟೆಸ್ಟರಿನ ಪುಟ್ಟ ಬಲ್ಬು ಉರಿಯಿತು, ಅಂದಮೇಲೆ ವ್ಯಾನಿನ ಕಂಪ್ಯೂಟರಿನವರೆಗೆ ಕರೆಂಟು ಬರುತ್ತಿದೆ, ಅಲ್ಲಿಂದ ಮುಂದಕ್ಕೇ ಏನೂ ಹೋಗುತ್ತಿಲ್ಲ — ಏಕಾಂತಪ್ಪ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿಕೊಂಡೇ, ಹೊಡಿಯೋ, ಎಂದು ಕೂಗಿದ, ಸೆಲ್ಫ್ ತಿರುಗಲಿಲ್ಲ, ತಿರುಗಿಸುವುದಕ್ಕೆ ಸೀಟಿನ ಮೇಲೆ ಯಾರಿದ್ದಾರೆ, ಮಣ್ಣು, ಜೊತೆಗಿದ್ದ ಮುದ್ದಣ್ಣ ಕೆಲಸ ಬಿಟ್ಟು ಹೋಗಿ ಮೂರು ವರ್ಷವಾಯಿತು, ಈ ಬಾಯಿಗೆ ಇನ್ನೂ ಬುದ್ಧಿ ಬಂದಿಲ್ಲ. ಇದು ಇಬ್ಬರ ಕೆಲಸ, ಒಬ್ಬ ಕೀ ತಿರುಗಿಸಬೇಕು, ಇನ್ನೊಬ್ಬ ಪ್ಲಗ್ಗಿನ ಕಿಡಿ ನೋಡಬೇಕು, ಹದಿನೆಂಟು ವರ್ಷ ಐಮಂಗಲದ ಈ ತಗಡಿನ ಶೆಡ್ಡಿನಲ್ಲಿ ಹಾಗೇ ನಡೆದಿತ್ತು, ಹೊಡಿ ಅಂದರೆ ಹೊಡಿ, ಸಾಕು ಅಂದರೆ ಸಾಕು, ಈಗ ನೋಡು, ಬಲಗೈಯಲ್ಲಿ ಕೀ, ಎಡಗೈಯಲ್ಲಿ ವೈರು, ಕತ್ತು ಇನ್ನೆಲ್ಲೋ, ಐವತ್ತೆಂಟರ ಸೊಂಟ ಚಟ್ಟೆಂದಿತು. ಕಿಡಿಯಿಲ್ಲ. ಪೆಟ್ರೋಲೂ ಚಿಮ್ಮುತ್ತಿಲ್ಲ. ಈ ಟೆಸ್ಟರೂ ಅವನದೇ, ಯಾವುದೋ ಸ್ಕೂಟರಿನ ಬಲ್ಬಿಗೆ ತಾನೇ ಬೆಸುಗೆ ಹಾಕಿ ಮಾಡಿಕೊಂಡದ್ದು, ಬಿಟ್ಟುಹೋದ, ಮೊಳೆಗೆ ನೇತುಹಾಕಿ ಹೋದ. ಸಾಬೂನಿನಲ್ಲಿ ತೊಳೆದ ಕೈ, ಆ ಕೈಯನ್ನು ವೇಸ್ಟು ಬಟ್ಟೆಯಲ್ಲಿ ಒರೆಸಿಕೊಂಡದ್ದು — ಅದು ಬೇಡ, ಈಗ ಬೇಡ, ಕೆಲಸ ನೋಡು.

ಹೂವಿನ ಮಾರಪ್ಪನ ವ್ಯಾನಿದು, ಹಿಂದುಗಡೆ ಚೆಂಡುಹೂವಿನ ವಾಸನೆ ಇಪ್ಪತ್ತು ವರ್ಷದಿಂದ ಹೋಗಿಲ್ಲ, ಹಿರಿಯೂರಿಂದ ದುರ್ಗದ ಮಾರ್ಕೆಟ್ಟಿಗೆ ಬೆಳಗಿನ ತಂಪಲ್ಲಿ ಓಡುತ್ತದೆ, ಬಿಸಿಲೇರಿತೋ ನಿಂತೇಬಿಡುತ್ತದೆ. ಮುದ್ದಣ್ಣ ಹೋದ ವರ್ಷವೂ ಹೀಗೇ ನಿಂತಿತ್ತು, ಪಂಪು ಬದಲಾಯಿಸಿದ್ದಾಯಿತು, ಕಾಯಿಲ್ ಬದಲಾಯಿಸಿದ್ದಾಯಿತು, ಮುದ್ದಣ್ಣ ಮಾತ್ರ ಒಂದೇ ಹಟ, ಏಕಾಂತಣ್ಣ, ಬಿಸಿಲಿಗೆ ಸಾಯ್ತೈತೆ, ನೆಳ್ಳಿಗೆ ಬದುಕ್ತೈತೆ, ಇದು ಕಂಪ್ಯೂಟ್ರೇ ಕಣಣ್ಣ — ಓಹೋ, ಬಂದ ನೋಡು ಕಂಪ್ಯೂಟರ್ ಕಂಡೋನು, ವೈರಿಂಗ್ ಮಾಡು ಹೋಗಲೇ. ಮಾಡಿದ ಪಾಪ, ನಾಲ್ಕು ದಿನ ಕೂತು ಹಳೇ ವೈರೆಲ್ಲ ಕಿತ್ತು ಹೊಸದು ಎಳೆದ, ಐದನೇ ದಿನ ಗೌರಿ ಹಬ್ಬದ ಹಿಂದಿನ ಮಧ್ಯಾಹ್ನ ಗಾಡಿ ಇಲ್ಲೇ ಕ್ರಾಸಿನಲ್ಲಿ ನಿಂತಿತು, ಲೋಡೆಲ್ಲ ಬಾಡಿತು, ಮಾರಪ್ಪ ಟೀ ಅಂಗಡಿಯ ಹತ್ತು ಜನರ ಮುಂದೆ ಕುಣಿದಾಡಿದ, ಯಾವೋನಯ್ಯ ನನ್ನ ಗಾಡಿ ಹಾಳು ಮಾಡಿದೋನು. ಮಾನ ಉಳಿಸಿಕೊಳ್ಳುವ ಆತುರ, ಇನ್ನೇನು, ಯಾರ ಮಾನವೋ ಏನೋ, ಏಕಾಂತಪ್ಪನ ಬಾಯಿಂದ ಬಂದೇಬಿಟ್ಟಿತು — ನಿನ್ನ ಕೈಗುಣನೇ ಸರಿಯಿಲ್ಲ ಕಣೋ ಮುದ್ದಣ್ಣ. ಆಗ ತಾನೇ ಕೈ ತೊಳೆದು ಬಂದಿದ್ದ. ಅಂಗೈ ನೋಡಿಕೊಂಡ, ವೇಸ್ಟು ಬಟ್ಟೆ ತಗೊಂಡು ಒರೆಸಿದ, ಮಗುಚಿ ನೋಡಿದ, ಮತ್ತೆ ಒರೆಸಿದ. ವಾರದೊಳಗೆ ಡ್ರೈವರುಗಳೆಲ್ಲ ಶುರು ಮಾಡಿದರು, ಅವನು ಮುಟ್ಟೋದು ಬ್ಯಾಡಣ್ಣ, ನೀನೇ ನೋಡು. ಎರಡು ತಿಂಗಳು ಟೈರಿನ ಮೇಲೆ ಸುಮ್ಮನೆ ಕೂತಿದ್ದ, ಆಮೇಲೆ ಹೆಂಡತಿಯ ಊರು ಮತ್ತೋಡಿಗೆ ಹೋದ. ಇತ್ತ ಹಬ್ಬ ಕಳೆದು ಮೋಡ ಕವಿಯಿತು, ಬಿಸಿಲು ಇಳಿಯಿತು, ವ್ಯಾನು ತಾನಾಗಿಯೇ ಓಡಿತು, ಒಂದು ವೈರು ಬಿಗಿಮಾಡಿದ್ದ ಏಕಾಂತಪ್ಪನಿಗೆ ಹೆಸರು ಬಂತು.

ಈಗ ಒದ್ದೆ ಬಟ್ಟೆ ಹಿಂಡಿ, ಪ್ಲಾಸ್ಟಿಕ್ ಕವರಿಗೆ ತುಂಬಿ, ಕಂಪ್ಯೂಟರಿನ ಮೇಲಿಟ್ಟ, ಅಂಗೈಯಗಲದ ತಗಡಿನ ಡಬ್ಬಿ, ಕಿಡಿ ಕೊಡು ಪೆಟ್ರೋಲು ಬಿಡು ಎಂದು ಇಂಜಿನ್ನಿಗೆ ಹೇಳುವುದೆಲ್ಲ ಇದೇ, ಮುಟ್ಟಿದರೆ ಸುಡುತ್ತಿದೆ, ಹತ್ತು ನಿಮಿಷ ಕಾದು ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟು. ಬಟ್ಟೆ ತೆಗೆದ, ಅರ್ಧ ಗಂಟೆಗೆ ಸತ್ತಿತು, ಇಟ್ಟ, ಬದುಕಿತು. ಎಷ್ಟು ಸುಲಭವಿತ್ತು, ಅಯ್ಯೋ, ಒಂದು ಒದ್ದೆ ಬಟ್ಟೆ. ದುರ್ಗದ ಗುಜರಿಯಿಂದ ಅದೇ ನಂಬರಿನ ಇನ್ನೊಂದು ಡಬ್ಬಿ ಮೊನ್ನೆಯೇ ತಂದಿಟ್ಟಿದ್ದ, ಸುಮ್ಮನೆ ಇರಲಿ ಅಂತ, ಸುಮ್ಮನೆ ಅಂತ ಯಾರಿಗೆ ಹೇಳ್ತೀಯೋ ಏಕಾಂತ, ನಿನಗೆ ಗೊತ್ತಿತ್ತು. ಬ್ಯಾಟರಿ ವೈರು ಬಿಚ್ಚಿ, ಹಳೆಯದನ್ನು ಕಳಚಿ, ಹೊಸದಕ್ಕೆ ಸಾಕೆಟ್ ಒತ್ತಿದರೆ ಟಿಕ್ ಅಂದಿತು, ನಡು ಬಿಸಿಲಲ್ಲಿ ಎರಡು ಗಂಟೆ ಇಂಜಿನ್ ಓಡಿಸಿಟ್ಟ, ನಿಲ್ಲಲಿಲ್ಲ. ನಾಲ್ಕಕ್ಕೆ ಮಾರಪ್ಪ ಬಂದ, ಕಿವಿಗೊಟ್ಟು ಕೇಳಿದ, ಬೆನ್ನು ತಟ್ಟಿದ, ಯಾರೇನೇ ಹೇಳ್ಲಿ ಏಕಾಂತಣ್ಣ, ಕೈಗುಣ ಅಂದ್ರೆ ನಿಂದು — ಅಲ್ಲ ಮಾರಪ್ಪ, ಅವತ್ತೇ ಮುದ್ದಣ್ಣ ಹೇಳಿದ್ದ, ನಾನೇ ಕೇಳಲಿಲ್ಲ, ಇಷ್ಟೇ ಮಾತು, ನಾಲಿಗೆಯ ತುದಿಗೆ ಬಂದಿತ್ತು, ಹೊರಬಿದ್ದದ್ದು ಬರೀ ಹೂಂ. ಥೂ. ವ್ಯಾನು ಹೋಯಿತು.

ಶೆಡ್ಡಿನಲ್ಲಿ ಹಳೇ ಡಬ್ಬಿ ಉಳಿಯಿತು, ಟೆಸ್ಟರು, ಖಾಲಿ ಟೈರು, ಇವನು. ಫೋನು ತೆಗೆದ, ಮೂರು ವರ್ಷದಿಂದ ಒತ್ತದ ನಂಬರು, ರಿಂಗಾಗುತ್ತಿದೆ, ಎತ್ತದಿದ್ದರೆ ಸಾಕಪ್ಪ, ಎತ್ತಲಿ ದೇವರೇ — ಹೇಳಣ್ಣ, ಅಂದ ಮುದ್ದಣ್ಣ, ನಿನ್ನೆ ಸಂಜೆ ತಾನೇ ಮಾತಾಡಿದವನ ಹಾಗೆ. ಕಂಪ್ಯೂಟ್ರೇ ಕಣೋ, ಮಾರಪ್ಪನ ವ್ಯಾನು, ನೀನು ಹೇಳಿದ್ದೇ ಸರಿ, ತಪ್ಪು ನಂದು, ಬಾರೋ ವಾಪಸ್ಸು, ಎಲ್ಲ ಒಂದೇ ಉಸಿರಿಗೆ ಅಂದುಬಿಟ್ಟ. ಆ ಕಡೆ ಗಾಳಿಯ ಸದ್ದು, ಎತ್ತಿನ ಗೆಜ್ಜೆ. ಹೌದಾ, ಒಳ್ಳೇದಾತು ಬಿಡಣ್ಣ, ಗಾಡಿ ಓಡ್ತಲ್ಲ. ಬರ್ತೀಯೇನೋ? ಈಗೆಲ್ಲಿ ಬರಾಣಣ್ಣ, ಮೊನ್ನೆ ಮಳೆ ಆತಲ್ಲ, ಹೆಸರುಕಾಳು ಬಿತ್ತುತಿದೀವಿ, ಬೀಜ ಅವಳೇ ಹಾಕ್ತಾಳೆ, ನಾನು ಮುಟ್ಟಲ್ಲ, ಎತ್ತು ಹೊಡ್ಕಂಡು ಹೋಗ್ತೀನಿ ಅಷ್ಟೇ. ಯಾಕೋ ಮುಟ್ಟಲ್ಲ? ಮುದ್ದಣ್ಣ ನಕ್ಕ, ಕೋಪವೇನೂ ಇರಲಿಲ್ಲ ನಗುವಿನಲ್ಲಿ, ಗೊತ್ತಲ್ಲಣ್ಣ ನನ್ನ ಕೈ, ಸುಮ್ನೆ ಹೊಲ ಯಾಕೆ ಕೆಡಿಸೋದು. ಅಲ್ಲ ಕಣೋ, ಅದು ಡಬ್ಬಿ, ಡಬ್ಬಿ ಕೆಟ್ಟಿತ್ತು, ನಿನ್ನ ಕೈ ಅಲ್ಲ — ಆ ಕಡೆ ಫೋನು ಇಟ್ಟಾಗಿತ್ತು, ಎತ್ತು ನಿಂತಿರಬೇಕು, ಅವಳು ಕರೆದಿರಬೇಕು, ಇನ್ನೊಮ್ಮೆ ಮಾಡಬೇಕು, ಮಾಡಿ ಏನು ಹೇಳಬೇಕು, ಹೇಳಿಯಾಯಿತಲ್ಲ, ಹೇಳಿದರೂ — ಮುದ್ದಣ್ಣನ ತೊಳೆದ ಕೈ, ಅಂಗೈ ನೋಡಿಕೊಂಡ, ಒರೆಸಿದ, ಮಗುಚಿದ, ಒರೆಸಿದ, ಅಂಗೈ ನೋಡಿಕೊಂಡ, ಒರೆಸಿದ