ಕಂಬಳಿಯೊಳಗಿನ ಬೆಳಕು

ರೂಪಶ್ರೀ ಬಿಳಿಚೋಡಿನಲ್ಲಿ ಬಸ್ಸಿಳಿದಾಗ ಅವಳ ಮುಖದಲ್ಲಿ ಗೆಲುವು ಹುಡುಕಿದರೂ ಸಿಗುತ್ತಿರಲಿಲ್ಲ. ಪಿಎಚ್‌ಡಿ ಎಂಬ ಗಾಣಕ್ಕೆ ತಾನಾಗಿಯೇ ಕೊರಳು ಕೊಟ್ಟವಳು ಅವಳು, ದೂರುವುದಾದರೂ ಯಾರನ್ನು?

ಅವಳ ಕೆಲಸ ಹೇಳುವುದಕ್ಕೆ ಸುಲಭ. ಪೆರೋವ್‌ಸ್ಕೈಟ್ ಎಂಬ ಹೊಸ ವಸ್ತುವಿನಿಂದ ಮಾಡಿದ ಸೌರಬಿಲ್ಲೆಗಳು ಬಿಸಿಲು ಕುಡಿದು ಕರೆಂಟು ಕೊಡುತ್ತವೆ. ಅವಕ್ಕೇ ತಿರುಗಿ ಕರೆಂಟು ಕೊಟ್ಟರೆ ಮಿಣುಕು ಬೆಳಕು ಚೆಲ್ಲುತ್ತವೆ. ಚೆನ್ನಾಗಿ ಬೆಳಗಿದರೆ ಬಿಲ್ಲೆ ಗಟ್ಟಿಯಾಗಿದೆ ಎಂದರ್ಥ, ಕತ್ತಲಾದರೆ ಸತ್ತಿದೆ ಎಂದರ್ಥ. ಊರೂರ ಹವೆಯಲ್ಲಿ ಅವು ಎಷ್ಟು ಬಾಳುತ್ತವೆ ಎಂದು ನೋಡಲು ನಾಲ್ಕು ತಾಲ್ಲೂಕುಗಳ ಮಹಡಿಗಳ ಮೇಲೆ ಇಟ್ಟಿದ್ದಳು. ಚನ್ನಗಿರಿಯವನ್ನು ಕೋತಿಗಳು ಕಿತ್ತೊಯ್ದವು. ನ್ಯಾಮತಿಯವನ್ನು ಮಳೆ ತಿಂದಿತು. ಹೊನ್ನಾಳಿಯಲ್ಲಿ ಮನೆಯವರು ನೀರಿನ ಟ್ಯಾಂಕು ತಂದು ಪಕ್ಕದಲ್ಲೇ ಕೂರಿಸಿ ಬಿಸಿಲನ್ನೇ ಮುಚ್ಚಿಬಿಟ್ಟರು. ಉಳಿದದ್ದು ಜಗಳೂರು ಸೀಮೆಯ ಈ ಒಣ ಹವೆ, ದೊಡ್ಡಮ್ಮನ ಮಹಡಿ. ಇಲ್ಲಿಟ್ಟವಕ್ಕೆ ಈಗ ವರ್ಷ ತುಂಬಿತ್ತು, ಇವಾದರೂ ಬೆಳಗಿದರೆ ಪ್ರಬಂಧ ಮುಗಿಯುತ್ತದೆ, ಇಲ್ಲದಿದ್ದರೆ ಮೊದಲಿಂದ ಶುರು.

ದೊಡ್ಡಮ್ಮ ನಿರ್ಮಲಮ್ಮ ಕಾಫಿ ಕುಡಿಯುವುದಕ್ಕೂ ಬಿಡದೆ ಮಹಡಿಗೆ ಎಳೆದುಕೊಂಡು ಹೋದರು.

"ನೋಡೇ, ಹೆಂಗೆ ಲಕಲಕ ಅಂತಾವೆ! ಆಯುಧ ಪೂಜೆಗೆ ನಿಮ್ಮ ದೊಡ್ಡಪ್ಪ ಟ್ರ್ಯಾಕ್ಟರ್ ತೊಳದ್ರು, ನಾನು ಇವನ್ನ ತೊಳದೆ. ನಿನ್ನ ಆಯುಧ ಇವೇ ಅಲ್ವಾ? ಅಂಚಿಗೆಲ್ಲಾ ಕರೀ ಮೇಣ ಮೆತ್ಕಂಡಿತ್ತು, ಚಾಕೂಲಿ ಕೆರದು ತೆಗದೆ."

ರೂಪಶ್ರೀ ಬಗ್ಗಿ ಅಂಚುಗಳನ್ನು ಮುಟ್ಟಿ ನೋಡಿದಳು. ಆ ಮೇಣವೇ ಬಿಲ್ಲೆಗಳ ಪ್ರಾಣ. ನೀರು, ತೇವ ಒಳಗೆ ಹೋಗದಂತೆ ಅವಳೇ ಕೂತು ಹಚ್ಚಿದ್ದು ಅದನ್ನು. ತೊಳೆದ ಪ್ರತಿ ಗಾಜಿನ ಮೇಲೂ ಮೂರೆಳೆ ವಿಭೂತಿ, ನಡುವೆ ಕುಂಕುಮ. ಅದರಡಿಯಲ್ಲಿ ಕಪ್ಪಗಿದ್ದ ಬಿಲ್ಲೆ ನೀರು ಹೊಕ್ಕು ಹಳದಿಗೆ ತಿರುಗಿತ್ತು.

"ಪೂಜೆ ಆದ್ಮೇಲೆ ಬಣ್ಣಾನೂ ಬಂತು ನೋಡು, ಅರಿಶಿನದಂಗೆ," ಎಂದರು ದೊಡ್ಡಮ್ಮ, ಹೆಮ್ಮೆಯಿಂದ.

ಬೈಯಬೇಕೆನಿಸಿತು. ಬೈಯುವುದಕ್ಕೂ ಶಕ್ತಿ ಬೇಕಲ್ಲ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು, ಅಭ್ಯಾಸಬಲದಿಂದ ತಂತಿ ಸಿಕ್ಕಿಸಿದಳು. ಹಗಲಿನ ಬೆಳಕು ತಡೆಯಲು ದೊಡ್ಡಪ್ಪನ ಕರಿ ಕಂಬಳಿ ಹೊದ್ದು, ಕ್ಯಾಮೆರಾ ಹಿಡಿದು ಒಳಗೆ ಕೂತಳು. ಮೊದಲನೆಯದು ಕತ್ತಲು. ಎರಡನೆಯದೂ ಅಷ್ಟೇ. ಒಂದೊಂದಾಗಿ ಎಲ್ಲವೂ ಸತ್ತಿದ್ದವು. ಕಟ್ಟಕಡೆಗೆ ಮೂಲೆಯಲ್ಲಿ, ಧೂಳು ಮೆತ್ತಿಕೊಂಡು ಬಿದ್ದಿದ್ದ ಒಂದಕ್ಕೆ ತಂತಿ ಸಿಕ್ಕಿಸಿದಾಗ ಕ್ಯಾಮೆರಾದ ಪರದೆ ತುಂಬ ಬೆಳಕು. ಅಂಚಿನಿಂದ ಅಂಚಿಗೆ, ಒಂದು ಕಲೆಯಿಲ್ಲದೆ.

"ದೊಡ್ಡಮ್ಮ, ಬಾ ಇಲ್ಲಿ!"

ನಿರ್ಮಲಮ್ಮ ಮಂಡಿಯೂರಿ ಕಂಬಳಿಯೊಳಗೆ ತಲೆ ತೂರಿಸಿದರು. "ಅಯ್ಯೋ, ಎಷ್ಟ್ ಚೆಂದ ಐತೆ! ಇದೊಂದನ್ನ ತೊಳಿಯಾಕೆ ಆಗ್ಲಿಲ್ಲ ಕಣೇ. ಉಳಿದವನ್ನ ಕೆರದೂ ಕೆರದೂ ಮಣಿಕಟ್ಟು ಹಿಡ್ಕಂತು. ಇದ್ಕೆ ವಿಭೂತೀನೂ..."

ಕಂಬಳಿಯ ಅಂಚು ಸರಿಸಿ, ತಾವು ವಿಭೂತಿ ಹಚ್ಚಿದ್ದ ಬಿಲ್ಲೆಗಳತ್ತ ನೋಡಿದರು.

"ಉಳಿದವು ಹಿಂಗೆ ಬೆಳಗಲ್ವಾ?"

"ಇಲ್ಲ ದೊಡ್ಡಮ್ಮ."

"ನನ್ನಿಂದಾನಾ?"

ಸುಳ್ಳು ಹೇಳಬಹುದಿತ್ತು. ಆದರೆ ಇಷ್ಟು ವರ್ಷ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳುವುದನ್ನೇ ಕಲಿತವಳಿಗೆ ಸುಳ್ಳು ನಾಲಿಗೆಗೆ ಬರಲಿಲ್ಲ. "ಹೂಂ. ಆ ಮೇಣ ಇರಬೇಕಿತ್ತು. ನಾನು ಹೇಳಿರಲಿಲ್ಲ."

ಒಂದೇ ಒಂದು ಬಿಲ್ಲೆ ಉಳಿದರೆ ಅದನ್ನು ಯಾರೂ ಪುರಾವೆ ಎನ್ನುವುದಿಲ್ಲ, ಅದೃಷ್ಟ ಎನ್ನುತ್ತಾರೆ. ಅದು ರೂಪಶ್ರೀಗೆ ಚೆನ್ನಾಗಿ ಗೊತ್ತಿತ್ತು.

ನಿರ್ಮಲಮ್ಮ ನೋಯುವ ಕೈಯನ್ನು ಅವಳ ಬೆನ್ನ ಮೇಲಿಟ್ಟರು. "ಇನ್ನೊಂದು ವರ್ಷ ಇಡವ್ವಾ. ಈ ಸಲ ನಾನು ಮುಟ್ಟಾಕಿಲ್ಲ."

ಸತ್ತ ಬಿಲ್ಲೆಗಳನ್ನು ನೋಡಿದಾಗಲೂ ಬಾರದ ಅಳು, 'ಇನ್ನೊಂದು ವರ್ಷ' ಎಂಬ ಮಾತು ಕೇಳಿದ್ದೇ ಒತ್ತರಿಸಿ ಬಂತು.