ಸೊನ್ನೆ ಬಿದ್ದ ಸಾಲು

ಜಿಪುಣಕ್ಕನಿಗೆ ಖರ್ಚು ಮಾಡಲು ಬರುತ್ತಿರಲಿಲ್ಲ. ಕಿವಿ ಕೇಳದ ಮಕ್ಕಳ ಶಾಲೆಯ ಬಜೆಟ್ ಅವಳ ಕೈಯಲ್ಲಿತ್ತು. ಹೊಸ ಪೆನ್ಸಿಲ್ ಕೇಳಲು ಹೋದವರಿಗೆ "ಮೊದಲು ಹಳೆಯದರ ಮೋಟು ತೋರಿಸಿ" ಅನ್ನುತ್ತಿದ್ದಳು. ಜಿಪುಣಕ್ಕ ಅಂತ ಹೆಸರಿಟ್ಟವರು ಟೀಚರುಗಳು, ಅವಳಿಗೆ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆ.

ಶಾಲೆಗೆ ಇದ್ದದ್ದು ಒಂದೇ ವ್ಯಾನು, ಒಬ್ಬನೇ ಡ್ರೈವರ್. ಅವನ ಮನೆ ಕಲ್ಲುಗಣಿಯ ಹತ್ತಿರ, ರಾತ್ರಿ ವ್ಯಾನು ನಿಲ್ಲುತ್ತಿದ್ದದ್ದೂ ಅಲ್ಲೇ. ಕತ್ತಲಿರುವಾಗಲೇ ಎದ್ದು ಗಣಿ ಕಡೆಯ ಮಕ್ಕಳನ್ನು ತಂದಿಳಿಸಿ, ಮತ್ತೆ ಪೇಟೆ ಕಡೆಯವರನ್ನು ಕರೆತರುತ್ತಿದ್ದ. ಸಂಜೆಯೂ ಹಾಗೇ. ಗಣಿಯ ಸುತ್ತು ಅವನ ಕೆಲಸದ ಹೊತ್ತಿಗೆ ಹೊರಗಿನದು. ಆ ಹೆಚ್ಚಿನ ಹೊತ್ತಿನ ಕೂಲಿಗೆ ಓಟಿ ಅಂತ ಬಜೆಟ್ಟಿನಲ್ಲಿ ಬೇರೆ ಸಾಲೇ ಇತ್ತು. ಅವನ ಮಗಳೂ ಆ ಸುತ್ತಿನಲ್ಲೇ ಬರುತ್ತಿದ್ದಳು. ಅಪ್ಪ ಗೇರು ಬದಲಿಸಿದಾಗೆಲ್ಲ ಸೀಟು ನಡುಗಿದ್ದಕ್ಕೆ ನಗುವ ಹುಡುಗಿ.

ವರ್ಷದ ಮೊದಲಿಗೆ ಜಿಪುಣಕ್ಕ ಅವನನ್ನು ಕರೆದಳು.

"ಅಣ್ಣ, ಈ ವರ್ಷ ಓಟಿ ಬರೆಸಬೇಡಿ. ಅಷ್ಟು ಉಳಿಸಿ ತೋರಿಸಿದ್ರೆ ಮುಂದಿನ ವರ್ಷ ಎರಡನೇ ವ್ಯಾನು ಕೇಳೋಕೆ ನನಗೊಂದು ಬಾಯಿ ಬರುತ್ತೆ."

ಡ್ರೈವರ್ ತಲೆ ಕೆರೆದುಕೊಂಡ. "ಮನೆಯವಳಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ ಅಕ್ಕ. ಆಗಲಿ ಬಿಡಿ. ಇನ್ನೊಂದು ವ್ಯಾನು ಬಂದ್ರೆ ಹುಡುಗಿ ಒಂದು ಗಂಟೆ ಜಾಸ್ತಿ ಮಲಗ್ತಾಳೆ."

ವರ್ಷದ ಕೊನೆಗೆ, ಶಾಲೆ ನಡೆಸುವ ಸಂಸ್ಥೆಯದೇ ಆದ ಪಕ್ಕದ ತರಬೇತಿ ವಿಭಾಗದ ಮುಖ್ಯಸ್ಥ ಮಿಕ್ಕ ಹಣಕ್ಕೆಲ್ಲ ಕುರ್ಚಿ ತರಿಸಿದ. ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಕುರ್ಚಿಗಳು ಓಡಾಡುವ ಜಾಗದಲ್ಲೆಲ್ಲ ತುಂಬಿಕೊಂಡವು.

"ನೀವೂ ಏನಾದ್ರೂ ಕೊಂಡುಬಿಡಿ, ಅಕ್ಕಾವ್ರೇ. ಉಳಿಸಿದ್ದಕ್ಕೆ ಯಾರೂ ಹಾರ ಹಾಕಲ್ಲ."

"ಮೊದಲು ನಿಮ್ಮ ಕುರ್ಚಿಗೆ ಕೂರೋರನ್ನ ಹುಡುಕಿ," ಎಂದು ನಕ್ಕಳು. ಉಳಿದ ಹಣವನ್ನು ಕೇಂದ್ರ ಕಚೇರಿಗೆ ಮರಳಿಸಿ, ಜೊತೆಗೆ ವ್ಯಾನಿಗೆ ಬೇಡಿಕೆ ಕಳಿಸಿದಳು.

ವ್ಯಾನು ಮಂಜೂರಾಗಲಿಲ್ಲ. ಹೊಸ ಬಜೆಟ್ ಬಂತು. ಪ್ರತಿ ಸಾಲಿಗೂ ಹಿಂದಿನ ವರ್ಷ ಖರ್ಚಾದಷ್ಟೇ ಹಣ. ಓಟಿಯ ಸಾಲಿನಲ್ಲಿ ಸೊನ್ನೆ. ಕುರ್ಚಿಯವನಿಗೆ ಒಂದು ಕಾಸೂ ಕಡಿಮೆಯಾಗಿರಲಿಲ್ಲ.

ಅವಳು ಕೇಂದ್ರ ಕಚೇರಿಗೆ ಓಡಿದಳು. ಹಣಕಾಸು ಅಧಿಕಾರಿ ಅವಳಿಗಿಂತ ಚಿಕ್ಕವನು. ನೀರು ಕೊಡಿಸಿ ಕೂರಿಸಿದ.

"ಒಂದು ವರ್ಷ ಓಟಿ ಇಲ್ಲದೇ ನಡೆಸಿದ್ದೀರಲ್ಲ ಮೇಡಂ. ಬೇಕಿದ್ರೆ ಖರ್ಚಾಗಿರೋದು."

"ಅವರು ಪುಕ್ಕಟೆ ಓಡಿಸಿದ್ರು."

ಅವನು ಪೆನ್ನು ಕೆಳಗಿಟ್ಟ. "ಹೊತ್ತು ಮೀರಿ, ಲೆಕ್ಕಕ್ಕಿಲ್ಲದೆ, ಮಕ್ಕಳನ್ನ ಕೂರಿಸ್ಕೊಂಡು? ಏನಾದ್ರೂ ಆಗಿದ್ರೆ ವಿಮೆಯವರು ಕೈ ಎತ್ತಿಬಿಡ್ತಿದ್ರು. ಇನ್ನು ಆ ಸುತ್ತು ಬೇಡ. ರಾತ್ರಿ ವ್ಯಾನು ಶಾಲೆಯಲ್ಲೇ ನಿಲ್ಲಲಿ."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ.

ವಿಷಯ ಹೇಳಿದಾಗ ಡ್ರೈವರ್ ವ್ಯಾನಿನ ಗಾಜು ಒರೆಸುತ್ತಿದ್ದ.

"ನನ್ನ ಸಂಬಳದಲ್ಲಿ ಕೊಡ್ತೀನಿ ಅಣ್ಣ."

"ವಿಮೆ ಅಂದ್ರಲ್ಲ ಅಕ್ಕ. ನಿಮ್ಮ ಸಂಬಳ ತಗೊಂಡು ಅದಕ್ಕೇನು ಮಾಡೋದು?" ಒರೆಸಿದ ಗಾಜನ್ನೇ ಮತ್ತೆ ಒರೆಸಿದ. "ನಮ್ಮ ಕಡೆ ಬಸ್ಸಿಲ್ಲ, ನಾನು ಕಲ್ಲಿನ ಲಾರಿ ಹತ್ತಿ ಬರ್ತೀನಿ. ಮಗೂನ ಅದ್ರಲ್ಲಿ ಹತ್ತಿಸಲ್ಲ ಅವರು."

ಒಂದು ಮಾತು ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ಗಣಿ ಸುತ್ತಿನ ಕೊನೆಯ ದಿನ ಸಂಜೆ ಹುಡುಗಿ ವ್ಯಾನಿನ ಮೆಟ್ಟಿಲ ಮೇಲೆ ನಿಂತು ಜಿಪುಣಕ್ಕನ ಕಡೆ ತಿರುಗಿದಳು. ಎರಡೂ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿದ ಹಾಗೆ ಮಾಡಿ, ನಾಳೆ ಅನ್ನುವ ಸನ್ನೆ ಮಾಡಿ, ಹುಬ್ಬೇರಿಸಿದಳು. ಇಲ್ಲ ಅನ್ನುವ ಸನ್ನೆ ಜಿಪುಣಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬಣ್ಣದ ಕಾಗದ ಕೇಳಿದ ಮಕ್ಕಳಿಗೆಲ್ಲ ವರ್ಷವಿಡೀ ಅದನ್ನೇ ಮಾಡಿದ್ದಳು. ಈಗ ಕೈ ಏಳಲಿಲ್ಲ. ಹುಡುಗಿ ಸ್ವಲ್ಪ ಹೊತ್ತು ಕಾದು, ಒಳಗೆ ಹೋಗಿ ಅಪ್ಪನ ಹಿಂದಿನ ಸೀಟಿನಲ್ಲಿ ಕೂತಳು.

ಮರುದಿನ ಪೇಟೆಯ ಮಕ್ಕಳಷ್ಟೇ ಬಂದರು. ಹೋದದ್ದು ಡ್ರೈವರನ ಒಂದು ವರ್ಷದ ಓಟಿ, ಗಣಿಯ ಸುತ್ತು, ಆ ಕಡೆಯ ಒಂಬತ್ತು ಮಕ್ಕಳ ಶಾಲೆ.